ಸೋಡಚೀಟಿ ಕಾರು

ಪಾಠ ಹೇಳುವವರಿಗೆಲ್ಲ ಒಂದು ರೋಗ ಇರುತ್ತದೆ. ಕಾಲೇಜಿನ ಗಂಟೆ ಹೊಡೆದ ಮೇಲೂ ಅವರ ಪಾಠ ನಿಲ್ಲುವುದಿಲ್ಲ. ನಾನು ಭಾರತೀನಗರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರು. ಕಂಪನಿಗಳು ಜೊತೆ ಸೇರುವುದು, ಬೇರೆಯಾಗುವುದು, ಒಂದು ಇನ್ನೊಂದರಲ್ಲಿ ಕರಗಿಹೋಗುವುದು, ಇವೆಲ್ಲ ನನಗೆ ಬಲು ಇಷ್ಟದ ಪಾಠ. ಮಕ್ಕಳಿಗೆ ಅದು ನಿದ್ದೆಯ ಪಾಠ. ಕೊನೆ ಬೆಂಚಿನವರು ಆಕಳಿಸತೊಡಗಿದಾಗ ಒಂದು ಉಪಾಯ ಕಂಡುಕೊಂಡೆ. ಜಂಟಿ ಉದ್ಯಮ ಅಂದರೆ ಮದುವೆ. ಎರಡೂ ಕಡೆಯವರು ಸೇರಿ ಒಂದೇ ಒಲೆ ಹೂಡುವುದು. ವಿಲೀನ ಅಂದರೆ ಮನೆಅಳಿಯತನ. ಹೋದವನ ಹೆಸರು ಆಮೇಲೆ ಯಾರ ಬಾಯಲ್ಲೂ ಬರುವುದಿಲ್ಲ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಹಾಳಾದ್ದು, ಆ ನಗುವಿನ ರುಚಿ ನನಗೆ ಹತ್ತಿಬಿಟ್ಟಿತು.

ಅದೇ ಉಮೇದಿನಲ್ಲಿ ಒಂದು ಭಾನುವಾರ ನಿಡಘಟ್ಟದ ಅಕ್ಕನ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ಅಕ್ಕನ ಮಗಳು ಸೌಮ್ಯಳ ಮದುವೆ ಮಳವಳ್ಳಿಯ ಛತ್ರದಲ್ಲಿ ನಿಶ್ಚಯವಾಗಿತ್ತು. ನಾನು ಸೋದರಮಾವ. ಪುಟ್ಟವಳಿದ್ದಾಗ ನನ್ನ ಸೈಕಲ್ಲಿನ ಬಾರಿನ ಮೇಲೆ ಕುಳಿತು, ‘ನನ್ ಮದ್ವೆಗೂ ನೀನೇ ಕರ್ಕೊಂಡೋಗ್ಬೇಕು ಮಾವ’ ಅಂದಿದ್ದಳು. ಸೈಕಲ್ಲು ಹೋಗಿ ಕಾರು ಬಂದರೂ ಆ ಮಾತು ನನ್ನೊಳಗೆ ಹಾಗೇ ಇತ್ತು. ಸೀಟುಗಳಿಗೆ ಹೊಸ ಕವರ್ ಹಾಕಿಸಿ, ಯಾವ ಹೂವು ಎಲ್ಲಿ ಕಟ್ಟಿಸಬೇಕು ಅಂತ ಕೂಡ ಯೋಚಿಸಿಟ್ಟಿದ್ದೆ.

ಭಾವ ಕಾಫಿ ಕುಡಿಯುತ್ತಾ, ‘ಈ ಕಾರು ಯಾವ ಕಂಪ್ನೀದು?’ ಅಂತ ಕೇಳಿದರು. ಹೆಸರು ಹೇಳಿ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ‘ಅದೊಂದು ದೊಡ್ಡ ಕತೆ ಭಾವ’ ಅಂದೆ. ನಮ್ಮ ದೇಶದ ಕಂಪನಿಯೊಂದು ಹೊರದೇಶದ ಕಂಪನಿಯನ್ನು ಮದುವೆಯಾಗಿ ಈ ಕಾರು ಹುಟ್ಟಿದ್ದು, ಆಮೇಲೆ ಹೊಂದಾಣಿಕೆ ಆಗದೆ ಇಬ್ಬರೂ ಸೋಡಚೀಟಿ ಬರೆದುಕೊಂಡು ಬೇರೆಯಾದದ್ದು, ಕಾರು ನಮ್ಮವರ ಪಾಲಿಗೆ ಉಳಿದದ್ದು, ಎಲ್ಲವನ್ನೂ ಕೈ ಆಡಿಸಿಕೊಂಡು ಹೇಳಿದೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಅಕ್ಕಿ ಆರಿಸುತ್ತಿದ್ದ ಅಕ್ಕ ನಗಲಿಲ್ಲ. ಮೊರ ಹಿಡಿದುಕೊಂಡೇ ಈಚೆಗೆ ಬಂದಳು.

‘ಏನ್ಲಾ ಅಂದೆ? ಸೋಡ್‌ಚೀಟಿ ಆಗಿರೋ ಕಾರಾ ಇದು?’

‘ಅಯ್ಯೋ, ಮಾತಿಗೆ ಅಂದಿದ್ದು ಕಣಕ್ಕ!’

‘ಮಾತಿಗೋ ಯಾತಕ್ಕೋ! ಓದ್ಕೊಂಡಿರೋನು ನೀನೇ ಅಂದ ಮ್ಯಾಕೆ ಮುಗೀತು. ಅಂಥ ಕಾರಲ್ಲಿ ನನ್ ಮಗಳ್ನ ದಾರೆಗೆ ಕರ್ಕೊಂಡ್ ಓಯ್ತೀಯಾ? ಬ್ಯಾಡ ಬುಡು ಅತ್ಲಾಗೆ!’

ಗಾಬರಿಯಲ್ಲಿ ಸಮಾಧಾನ ಹೇಳಲು ಹೋದೆ. ‘ಈಗೆಲ್ಲ ಸರಿಹೋಗ್ಯದೆ ಅಕ್ಕ. ಆ ಹೊರದೇಶದ ಕಂಪ್ನಿ ಇನ್ನೊಂದರ ಜೊತೆ ಕೂಡಾವಳಿ ಮಾಡ್ಕೊಂಡು ಸುಖವಾಗ್ ಅದೆ.’ ಕೂಡಾವಳಿ ಅಂದರೆ ನಮ್ಮ ಕಡೆ ಎರಡನೇ ಮದುವೆ. ಆ ಹೊತ್ತಿಗೆ ಅದೇ ಮಾತು ನಾಲಿಗೆಗೆ ಏಕೆ ಬಂತೋ ದೇವರೇ ಬಲ್ಲ.

‘ಎರಡ್ನೇದೂ ಆಗೋಯ್ತಾ?’ ಎಂದು ಅಕ್ಕ ಮೊರವನ್ನು ಕೆಳಗಿಟ್ಟಳು. ಸೌಮ್ಯ ಬಾಗಿಲಲ್ಲಿ ನಿಂತು, ‘ಅವ್ವ, ಕಾರಿಗೆ ಯಾವ ಮದ್ವೆನವ್ವ!’ ಎಂದು ನಕ್ಕು ನಕ್ಕು ಸುಸ್ತಾದಳು. ಅಕ್ಕ ಮಾತ್ರ ಒಮ್ಮೆ ಬೇಡ ಅಂದರೆ ಬೇಡ. ವಾಪಸ್ಸು ಬರುವಾಗ ನನ್ನ ಹೆಂಡತಿ, ‘ಕ್ಲಾಸಲ್ಲಿ ಬಾಯಿ ಬಿಡೋದು ಸಾಲ್ದೇನ್ರೀ?’ ಅಂದಳು. ನನಗೆ ನಿಜವಾಗಿಯೂ ಅಳು ಬಂತು. ಹೊಸ ಸೀಟ್ ಕವರ್ ನೋಡಿದಷ್ಟೂ ಬಂತು.

ಮದುವೆಯ ಹಿಂದಿನ ದಿನ ನನ್ನ ಕಾರಿಗೆ ಸಿಕ್ಕಿದ್ದು ಆರತಿ ತಟ್ಟೆ, ಹಣ್ಣಿನ ಬುಟ್ಟಿ ಸಾಗಿಸುವ ಕೆಲಸ. ಸಾಮಾನಿಗೆ ದೋಷ ತಟ್ಟುವುದಿಲ್ಲವಂತೆ. ಹೆಣ್ಣಿಗಾಗಿ ಅಕ್ಕ ಪಕ್ಕದ ಮನೆಯವರ ಕಾರು ಕೇಳಿದ್ದಳು. ಹೂವು ಮುಡಿದು ಅದು ಚಪ್ಪರದ ಮುಂದೆ ಬಂದು ನಿಂತಾಗ ಅದರ ಮೂತಿಯ ಮೇಲಿದ್ದ ಗುರುತನ್ನು ಎರಡೆರಡು ಸಲ ನೋಡಿದೆ. ಸೋಡಚೀಟಿ ಕೊಟ್ಟು ಹೋಗಿ ಕೂಡಾವಳಿ ಮಾಡಿಕೊಂಡಿದ್ದ ಅದೇ ಹೊರದೇಶದ ಕಂಪನಿಯ ಕಾರು! ನನ್ನ ಕಾರಿನ ಮಾಜಿ ಹೆಂಡತಿ!

ಅಷ್ಟರಲ್ಲಿ ಅಕ್ಕ ಹತ್ತಿರ ಬಂದು ಪಿಸುಗುಟ್ಟಿದಳು. ‘ಏನ್ಲಾ, ಇದ್ರುದ್ದೆಲ್ಲಾ ಸರ್ಯಾಗ್ ಅದಾ? ನಿಂಗೆ ಗೊತ್ತಿರ್ತದೆ, ಏಳು.’

ಇಡೀ ಪಾಠ ಗಂಟಲಿಗೆ ಬಂದು ನಿಂತಿತು. ಹೇಳಿದರೆ ಈ ಕಾರೂ ಹೋಗುತ್ತದೆ. ಹೊತ್ತು ಇಳಿಯುತ್ತಿತ್ತು, ಗಂಡಿನ ಕಡೆಯವರು ಆಗಲೇ ಛತ್ರ ಸೇರಿದ್ದರು, ಸೌಮ್ಯ ಸೀರೆಯ ನೆರಿಗೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಗಟ್ಟಿ ಮುತ್ತೈದೆ ಕಣಕ್ಕ’ ಅಂದೆ.

ಅಕ್ಕನ ಮುಖ ಅರಳಿತು. ‘ಅಂಗಾರೆ ನೀನೇ ಓಡ್ಸು. ಸೋದರಮಾವ ಇದ್ಕೊಂಡು ಬ್ಯಾರೆಯೋರ್ ಯಾಕೆ?’ ಪಕ್ಕದ ಮನೆಯವರು ನಗುತ್ತಾ ಕೀ ಕೊಟ್ಟರು.

ಮದ್ದೂರು ದಾಟಿ, ಭಾರತೀನಗರದ ಕಬ್ಬಿನ ಗಾಡಿಗಳ ಹಿಂದೆ ತೆವಳಿಕೊಂಡು ಮಳವಳ್ಳಿ ಮುಟ್ಟುವವರೆಗೆ ನಾನು ತುಟಿ ಎರಡು ಮಾಡಲಿಲ್ಲ. ಛತ್ರದ ಮುಂದೆ ನಿಲ್ಲಿಸಿದ್ದೇ ತಡ, ಭಾವ ಸಾಮಾನು ತುಂಬಿದ್ದ ನನ್ನ ಕಾರನ್ನು ತಂದು ಪಕ್ಕದಲ್ಲೇ ನಿಲ್ಲಿಸಿದರು. ಬೇರೆಯಾದವರಿಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತರು.

ಸೌಮ್ಯ ಇಳಿಯುತ್ತಾ ನನ್ನ ಕಿವಿಯಲ್ಲಿ, ‘ರಾಜಿ ಮಾಡುಸ್ಬುಟ್ಯಲ್ಲ ಮಾವ’ ಅಂದಳು.

‘ನಿಂಗೆಂಗೆ ಗೊತ್ತು?’

‘ಮರೆತ್ಯಾ? ನಿನ್ ಕ್ಲಾಸಲ್ಲೇ ಮೂರ್ ವರ್ಸ ಕೂತಿದ್ದೆ, ಕೊನೆ ಬೆಂಚಲ್ಲಿ. ಆಕಳುಸ್ತಿದ್ದೆ ನಿಜ. ಕೇಳುಸ್ಕೋತಾನೂ ಇದ್ದೆ.’

ಇಷ್ಟು ವರ್ಷದಲ್ಲಿ ನನ್ನ ಪಾಠ ಒಬ್ಬರಿಗಾದರೂ ತಲೆಗೆ ಹತ್ತಿತಲ್ಲ ಎಂಬ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಅಕ್ಕ ಅದನ್ನು ಕಂಡವಳೇ, ‘ನೋಡ್ರಮ್ಮ, ಸೋದರಮಾವನ ಕರ್ಳು! ಎಂಗ್ ಅಳ್ತಾವ್ನೆ!’ ಎಂದು ತಾನೂ ಕಣ್ಣೊರೆಸಿಕೊಂಡು ನೆಂಟರಿಗೆಲ್ಲ ತೋರಿಸಿದಳು.

ನಾನು ವಿವರಿಸಲು ಹೋಗಲಿಲ್ಲ.