ಮೂರು ಸುತ್ತಿನ ಪಾರ್ಕು

ಮಾತು ಕಮ್ಮಿ ಇರುವವನನ್ನು ಕಂಡರೆ ಜನ ಅವನಿಗೆ ಬರೆಯುವ ಕೆಲಸ ಹಚ್ಚುತ್ತಾರೆ. ಮದುವೆ ಕರೆಯೋಲೆ, ಲಿಫ್ಟಿನ ಸೂಚನೆ, ನೀರು ಬರುತ್ತಿಲ್ಲವೆಂಬ ದೂರು, ಎಲ್ಲವೂ ನನ್ನ ಪಾಲಿಗೇ ಬಂದಿವೆ. ಈ ಸಲ ಬಂದದ್ದು ಚಂದ್ರಾ ಲೇಔಟಿನ ನಮ್ಮ ಪಾರ್ಕಿನ ಇತಿಹಾಸ. ಅದನ್ನು ಕಲ್ಲಿನಲ್ಲಿ ಕೆತ್ತಿಸಿ ನಲ್ಲಿಯ ಪಕ್ಕ ನಿಲ್ಲಿಸಬೇಕೆಂದು ವಾಕಿಂಗ್ ಸಂಘದ ಅಧ್ಯಕ್ಷರು ತೀರ್ಮಾನಿಸಿದ್ದರು. "ಹತ್ತೇ ಸಾಲು ಸಾರ್. ಆದ್ರೆ ಇತಿಹಾಸ ಹಳೇದಾಗಿರ್ಬೇಕು" ಎಂದರು.

ಸಂತೋಷಪಡದವರು ಒಬ್ಬರೇ, ಮಾಲಿ. ಗೇಟು ಈ ಕಡೆ, ನಲ್ಲಿ ಆ ಕಡೆ, ನಡುವೆ ಅವರು ಮೂರು ಬೇಸಿಗೆ ಕಾದು ಬೆಳೆಸಿದ ಹುಲ್ಲು. ಉದ್ಘಾಟನೆಗೆ ಬರುವ ಇನ್ನೂರು ಜನ ಅದರ ಮೇಲೇ ಹಾದರೆ ಏನು ಗತಿ ಎಂಬುದೊಂದೇ ಅವರ ಚಿಂತೆ.

ರಾಗಿಯೋ ಅವರೆಯೋ

ಪಾರ್ಕಿನ ಜಾಗ ಹಿಂದೆ ಒಂದೇ ಮನೆತನದ ಹೊಲ. ಆ ಮನೆಯ ಅಣ್ಣತಮ್ಮಂದಿರು ಈಗಲೂ ಬೆಳಿಗ್ಗೆ ಬೆಂಚಿನ ಮೇಲೆ ಕೂರುತ್ತಾರೆ. ಏನು ಬೆಳೆಯುತ್ತಿದ್ದಿರಿ ಎಂದು ಕೇಳಿದೆ. ಅಣ್ಣ ರಾಗಿ ಎಂದರು, ತಮ್ಮ ಅವರೆ ಎಂದರು. ಒಂದು ಗಂಟೆ ಜಗಳವಾಯಿತು. ಕೊನೆಗೆ ಗಂಡನನ್ನು ತಿಂಡಿಗೆ ಕರೆಯಲು ಬಂದ ಅಣ್ಣನ ಹೆಂಡತಿ ಇಬ್ಬರನ್ನೂ ನೋಡಿ ನನ್ನ ಕಡೆ ತಿರುಗಿದರು.

"ರಾಗಿ ಸಾಲಿನ ನಡುವೆ ಅವರೆ ಹಾಕ್ತಿದ್ವಿ ಕಣಪ್ಪ. ಹೊಲಕ್ಕೆ ಬಂದಿದ್ರೆ ತಾನೇ ಇವ್ರಿಗೆ ಗೊತ್ತಾಗೋದು?"

ನೀರಿನ ಮಹಿಮೆ

ನಮ್ಮ ಪಾರ್ಕಿನ ಬೋರ್‌ವೆಲ್ ನೀರಿಗೆ ಮಂಡಿನೋವು ಹೋಗುತ್ತದೆಂಬ ಹೆಸರಿದೆ. ನಾಗರಬಾವಿ, ಬ್ಯಾಡರಹಳ್ಳಿಯಿಂದಲೂ ಬಾಟಲಿ ಹಿಡಿದು ಬರುತ್ತಾರೆ. ಒಂದೇ ಕಟ್ಟಳೆ: ಪಾರ್ಕಿನ ದಾರಿಯಲ್ಲಿ ಮೂರು ಸುತ್ತು ಹಾಕಿಯೇ ಕುಡಿಯಬೇಕು. ಇದು ಯಾವ ಕಾಲದ್ದೆಂದು ಮಾಲಿಯನ್ನು ಕೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. ಬೋರು ಬತ್ತಿ ಎರಡು ವರ್ಷವಾಯಿತಂತೆ. ಈಗ ನಲ್ಲಿಯಲ್ಲಿ ಬರುವುದು ನಮ್ಮೆಲ್ಲರ ಮನೆಗೆ ಬರುವ ಕಾವೇರಿ ನೀರೇ.

"ಮತ್ತೆ ಮೂರು ಸುತ್ತು?"

"ಎಲ್ರೂ ಹುಲ್ಲು ತುಳ್ಕೊಂಡೇ ನಲ್ಲಿಗೆ ಬರೋರು ಸಾರ್. ಬೈದೆ, ಕೇಳ್ಲಿಲ್ಲ. ಬೋರ್ಡ್ ಹಾಕ್ದೆ, ಓದ್ಲಿಲ್ಲ. ಮೂರು ಸುತ್ತು ಹಾಕಿದ್ರೇನೇ ನೀರು ಕೆಲ್ಸ ಮಾಡೋದು ಅಂದೆ. ಹುಲ್ಲು ಉಳೀತು."

"ನೋವು?"

"ಅದೂ ಹೋಯ್ತಂತೆ. ನಂಗೇ ಆಶ್ಚರ್ಯ."

ಈ ಸಂಗತಿಯನ್ನು ನಾನು ಇತಿಹಾಸಕ್ಕೆ ಸೇರಿಸಲಿಲ್ಲ. ನನ್ನ ಹೆಂಡತಿಯ ಮಂಡಿ ಈಗ ಚೆನ್ನಾಗಿದೆ.

ಏಳನೇ ಸಾಲು

ಕರಡು ಓದಿದ ಅಧ್ಯಕ್ಷರಿಗೆ ರಾಗಿ, ಅವರೆ ಸಪ್ಪೆಯೆನಿಸಿತು. ಯಾರಾದರೂ ರಾಜರು ಇಲ್ಲಿ ಕುದುರೆಗೆ ನೀರು ಕುಡಿಸಿರಬಹುದಲ್ಲ ಎಂದರು. ಆಧಾರವಿಲ್ಲ ಎಂದೆ.

"ಕುಡಿಸ್ಲಿಲ್ಲ ಅನ್ನೋದಕ್ಕೆ ಆಧಾರ ಇದ್ಯಾ?"

ಮೂವತ್ತು ವರ್ಷ ಪುಸ್ತಕ ಓದಿದವನು ಪೆನ್ನು ತೆಗೆದೆ. ಏಳನೇ ಸಾಲಿನಲ್ಲಿ ಕುದುರೆ ನೀರು ಕುಡಿಯಿತು.

ಉದ್ಘಾಟನೆ

ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾದಸ್ವರ, ಹಾರ, ಹೊಸ ಸೀರೆಗಳು. ನನ್ನ ಕಣ್ಣು ಕಲ್ಲಿನ ಮೇಲಿರಲಿಲ್ಲ, ಹುಲ್ಲಿನ ಮೇಲಿತ್ತು. ಮುಖ್ಯ ಅತಿಥಿ ಕಾರಿನ ಬಾಗಿಲು ಹಿಡಿದು ನಿಧಾನವಾಗಿ ಇಳಿದರು. ಅವರಿಗೆ ಇನ್ನೂ ಎರಡು ಸಮಾರಂಭಗಳಿದ್ದವು. ಅಧ್ಯಕ್ಷರು ಹುಲ್ಲಿನ ಕಡೆ ಕೈ ಚಾಚಿ, ಹೀಗೇ ಬಂದರೆ ಹತ್ತಿರ ಎಂದರು. ಇನ್ನೂರು ಜನ ಹಿಂದೆ ಸಿದ್ಧವಾದರು.

ಮಾಲಿ ಅಡ್ಡ ಬಂದು ಕೈ ಮುಗಿದರು. "ಮಂಡಿ ನೋವಾ ಸಾರ್?"

"ಹತ್ತು ವರ್ಷ ಆಯ್ತಪ್ಪ."

"ಹಂಗಾದ್ರೆ ಮೂರು ಸುತ್ತು ಸಾರ್. ದಾರೀಲೇ. ಆಮೇಲೆ ನೀರು."

ಅತಿಥಿ ಚಪ್ಪಲಿ ಬಿಟ್ಟು ಹೊರಟೇಬಿಟ್ಟರು. ಅವರ ಹಿಂದೆ ಅಂಗರಕ್ಷಕ, ಅವನ ಹಿಂದೆ ನಾದಸ್ವರ, ಆಮೇಲೆ ಬಡಾವಣೆಗೆ ಬಡಾವಣೆಯೇ. ನೀರಿನ ಗುಟ್ಟು ಗೊತ್ತಿದ್ದ ನಾನೂ ನಡೆದೆ. ಅಧ್ಯಕ್ಷರು ಎರಡನೇ ಸುತ್ತಿಗೇ ಏದುಸಿರು ಬಿಡುತ್ತಿದ್ದರು. ಮೂರು ಮುಗಿಸಿ ಅತಿಥಿ ನೀರು ಕುಡಿದು, ಮಂಡಿ ಮಡಿಸಿ ನೋಡಿ, "ಪರವಾಗಿಲ್ಲ ಕಣ್ರೀ" ಎಂದರು. ಚಪ್ಪಾಳೆಯ ನಡುವೆ ಕಲ್ಲಿನ ಪರದೆ ಸರಿದದ್ದನ್ನು ಯಾರೂ ಗಮನಿಸಲಿಲ್ಲ. ಹುಲ್ಲಿನ ಒಂದು ಎಸಳೂ ಬಾಗಿರಲಿಲ್ಲ.

ನಾಗರಬಾವಿಯಿಂದ ಬಂದಿದ್ದ ಒಬ್ಬರು ಆಂಟಿ ಮಾತ್ರ ಕಲ್ಲನ್ನು ನೋಡಿದರು. ಕೈಚೀಲದಿಂದ ಕುಂಕುಮ ತೆಗೆದು ಹಚ್ಚಿದರು. ಮರುದಿನ ಅರಿಶಿನ ಬಂತು, ಶುಕ್ರವಾರ ದೀಪ, ಆಮೇಲೆ ಎಣ್ಣೆ. ಈಗ ರಾಗಿ, ಅವರೆ, ಕುದುರೆ ಯಾವುದೂ ಕಾಣುವುದಿಲ್ಲ.

ಮೊನ್ನೆ ನಾನು ಬರೆದದ್ದನ್ನು ನಾನಾದರೂ ಓದೋಣವೆಂದು ಕನ್ನಡಕ ಹಾಕಿಕೊಂಡು ಗೇಟಿನಿಂದ ನೆಟ್ಟಗೆ ಹುಲ್ಲಿನ ಮೇಲೆ ಹೆಜ್ಜೆ ಇಟ್ಟೆ. ನಲ್ಲಿಯ ಹತ್ತಿರವಿದ್ದ ಅದೇ ಆಂಟಿ ಕೂಗಿದರು.

"ಏನ್ರೀ, ಓದಿದವ್ರ ಹಾಗೆ ಕಾಣ್ತೀರಿ, ಈ ಜಾಗದ ಇತಿಹಾಸ ಗೊತ್ತಿಲ್ವಾ? ಮೂರು ಸುತ್ತು ಹಾಕ್ಕೊಂಡು ಬನ್ನಿ."