ಕೊನೆಯ ಪುಟದಲ್ಲಿ ಸಾಯಲು ಹೊರಟ ಡ್ರ್ಯಾಗನ್ ಅವರಿಗೆ

ಮಾನ್ಯ ಡ್ರ್ಯಾಗನ್ ಅವರೇ,

ಮೂಗಿನ ಎರಡೂ ಹೊಳ್ಳೆಗಳಿಂದ ಬೆಂಕಿ ಬಿಡುವ ತಮ್ಮಂಥ ಘನವಂತರಿಗೆ, ಕಡ್ಡಿಪೆಟ್ಟಿಗೆಯನ್ನೂ ಪಕ್ಕದ ಮನೆಯಿಂದ ತರುವ ಜಕ್ಕಲಿಯ ಪ್ರಭುಲಿಂಗಪ್ಪನು, ಮೀಸೆ ಸುಡದಷ್ಟು ದೂರದಲ್ಲಿ ನಿಂತು ಮಾಡುವ ನಮಸ್ಕಾರಗಳು.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ತಾವು ಬಹು ಹಳೆಯ ಮಕ್ಕಳ ಕಾದಂಬರಿಯೊಂದರಲ್ಲಿ ವಾಸವಾಗಿರುವುದರಿಂದ ಆ ತಪ್ಪನ್ನು ಮನ್ನಿಸಿದ್ದೇನೆ. ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಪುರಾಣ ಹಚ್ಚಿದಾಗ, ಒಬ್ಬರು ಓದಿದ್ದನ್ನು ಬಿಡಿಸಿ ಅರ್ಥ ಹೇಳುವವನು ನಾನೇ. ಕಲಿತದ್ದು ಊರ ಸಾಲಿಯ ಏಳನೆಯ ಇಯತ್ತೆಯವರೆಗೆ. ಆದರೂ ಇಲ್ಲಿಂದ ಕೊಣ್ಣೂರಿನ ಹೊಳೆಯವರೆಗೆ ನನ್ನಂತೆ ಅರ್ಥ ಹೇಳುವವರಿಲ್ಲ, ಹೊಳೆಯಾಚೆ ನಾನು ವಿಚಾರಿಸಿಲ್ಲ. ಹೀಗಾಗಿ ಗ್ರಂಥಾಲಯದ ಅನ್ನಪೂರ್ಣೇಶ್ವರಿ ಮೇಡಂ ಅವರು ರಜೆಯಲ್ಲಿ ಮಕ್ಕಳಿಗೆ ತಮ್ಮ ಕಾದಂಬರಿಯನ್ನು ತಿಳಿಸಿ ಓದಿಸಬೇಕೆಂದು ನನ್ನನ್ನು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನನಗೆ ಬರುವುದು ಪುರಾಣದ ರೀತಿಯೊಂದೇ. ನನ್ನ ಅಣ್ಣನ ಕಿರಿಮಗಳು ಚಿನ್ನು ಓದಿದಳು, ನಾನು ಅರ್ಥ ಹೇಳಿದೆ. ತಮ್ಮ ಗುಹೆ ಇರುವ ಬೆಟ್ಟವೆಂದರೆ ನರಗುಂದದ ಗುಡ್ಡದಂಥದ್ದು ಎಂದೆ. ಮಾಟಗಾತಿಯೆಂದರೆ ಕಾಲುವೆಯ ನೀರನ್ನು ತನ್ನ ಹೊಲಕ್ಕಷ್ಟೇ ತಿರುಗಿಸಿಕೊಳ್ಳುವವಳು ಎಂದೆ. ಮಕ್ಕಳಿಗೆ ತಿಳಿಯಿತು; ಅವರ ಹಿಂದೆ ಬಂದು ಕೂತಿದ್ದ ಹಿರಿಯರಿಗೆ ಇನ್ನೂ ಲಗೂ ತಿಳಿದು, ಒಬ್ಬರ ಮುಖ ಒಬ್ಬರು ನೋಡಿದರು.

ಪುರಾಣದಲ್ಲಿ ಶರಣರು ಹುಟ್ಟುವ ಅಧ್ಯಾಯ ಬಂದರೆ ತೊಟ್ಟಿಲು ಕಟ್ಟಿ ತೂಗುವುದು ನಮ್ಮ ರೂಢಿ. ತಾವು ತತ್ತಿಯೊಡೆದು ಹೊರಬಂದ ಸಂಜೆ, ಊರಿಗೇ ಹಿರಿಯಳಾದ ಕಲ್ಲವ್ವ ತನ್ನ ಮನೆಯ ತೊಟ್ಟಿಲನ್ನೇ ಹೊರಿಸಿಕೊಂಡು ಬಂದಳು. ಕೂಸಿನ ಬದಲು, ಮೈತುಂಬ ಏಣುಗಳಿರುವ ಉದ್ದನೆಯ ಹೀರೇಕಾಯಿಗೆ ಕುಂಚಿಗೆ ತೊಡಿಸಿ ಮಲಗಿಸಿದರು, ಜೋಗುಳ ಹಾಡಿದರು, ತಮಗೆ ಕೆಂಡಪ್ಪನೆಂದು ಹೆಸರಿಟ್ಟರು. ತಡೆಯಬಹುದಿತ್ತು, ಆದರೆ ತೊಟ್ಟಿಲ ಮುಂದೆ ಹಂಚಿದ ಗುಗ್ಗರಿ ಭಾಳ ರುಚಿಯಾಗಿತ್ತು. ಅದನ್ನು ಮೆಲ್ಲುತ್ತಲೇ ನಾನು, ಈ ಕೂಸಿಗೆ ಆಯುಷ್ಯ ಗಟ್ಟಿ ಎಂದು ಎಲ್ಲರೆದುರು ಹೇಳಿಬಿಟ್ಟೆ. ಮುಂದಿನ ಅಧ್ಯಾಯವನ್ನು ಕದ್ದು ಓದುವ ಚಾಳಿ ನಮ್ಮಲ್ಲಿಲ್ಲ.

ಅಂಥದ್ದರಲ್ಲಿ ನಿನ್ನೆ, ಕೊನೆಯ ಅಧ್ಯಾಯದಲ್ಲಿ, ಕಥೆಯ ಹುಡುಗಿಯನ್ನು ಉಳಿಸಲು, ಒಡೆದುಹೋದ ಅಣೆಕಟ್ಟಿಗೆ ತಾವು ಅಡ್ಡ ಮಲಗಿದಿರಿ. ತ್ಯಾಗ ದೊಡ್ಡದು, ಒಪ್ಪುತ್ತೇನೆ. ಆದರೆ ಅಷ್ಟಗಲದ ರೆಕ್ಕೆ ಇಟ್ಟುಕೊಂಡು ಆ ಹುಡುಗಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರಬಾರದಿತ್ತೇ? ಕೊಣ್ಣೂರಿನ ಸೇತುವೆ ಮುಳುಗಿದಾಗ ಅಲ್ಲಿನ ಎಮ್ಮೆಗಳು ಕೂಡ ದಿಬ್ಬ ಹತ್ತುತ್ತವೆ.

ಚಿನ್ನು ಅಲ್ಲಿಗೇ ನಿಲ್ಲಿಸಿ, ಬೆರಳನ್ನು ಒಳಗಿಟ್ಟೇ ಪುಸ್ತಕ ಮುಚ್ಚಿದಳು. "ಮುಂದ ನಾ ಓದಂಗಿಲ್ಲ ಕಾಕಾ. ಓದಲಿಲ್ಲಂದ್ರ ಅಂವ ಸಾಯಂಗಿಲ್ಲ."

ನನ್ನ ಇಷ್ಟು ವರ್ಷಗಳ ವಿದ್ವತ್ತಿನಲ್ಲಿ ಈ ಮಾತಿಗೆ ಹೇಳಲು ಅರ್ಥ ಸಿಗಲಿಲ್ಲ. ಕಲ್ಲವ್ವನೋ, ಹೆಸರಿಟ್ಟ ಬಾಯಿಯಿಂದ ಹೋದನೆಂದು ಹ್ಯಾಂಗ ಅನ್ನುವುದೆಂದು ನನ್ನನ್ನೇ ಕೇಳಿದಳು. ಹಚ್ಚಿದ ಪುರಾಣವನ್ನು ಮಂಗಲ ಮಾಡಿ ಮುಗಿಸದೆ ಬಿಡುವಂತಿಲ್ಲ. ಮಂಗಲದ ಗೋದಿಹುಗ್ಗಿಗೆ ಬೆಲ್ಲವೂ ಬಂದಿದೆ. ಅದಾದರೂ ಇರಲಿ, ಮೇಡಂ ಕೊಟ್ಟ ಬೇರೆ ಪುಸ್ತಕವನ್ನೂ ಚಿನ್ನು ಮುಟ್ಟಲೊಲ್ಲಳು. ಎಲ್ಲ ಪುಸ್ತಕಗಳ ಕೊನೆಗೂ ಯಾರೋ ಒಬ್ಬರು ಸಾಯಲು ಕಾದು ಕೂತಿರುತ್ತಾರೆಂದು ಆಕೆಗೆ ಅನುಮಾನ. ಓದುವ ರುಚಿ ಹತ್ತಿಸಿದವರೂ ತಾವೇ, ಕೆಡಿಸಿದವರೂ ತಾವೇ. ಇಂಥ ಸಾಮರ್ಥ್ಯ ನಮ್ಮ ಸಾಲಿಯ ಮಾಸ್ತರರಿಗೂ ಇರಲಿಲ್ಲ.

ಆದಕಾರಣ ತಾವು ದಯಮಾಡಿ ಕೊನೆಯ ಪುಟಕ್ಕೆ ಮುಂಚೆಯೇ ಎದ್ದು, ಹಿಂದಿನ ರಟ್ಟಿನ ಸಂದಿಯಿಂದ ಹೊರಬಿದ್ದು, ಗಜೇಂದ್ರಗಡದ ಗುಡ್ಡದ ಮೇಲೆ ವಸ್ತಿ ಮಾಡಬೇಕು. ಅಲ್ಲಿ ಗಾಳಿಯಂತ್ರಗಳಿವೆ, ರೆಕ್ಕೆಯಿದ್ದವರ ಸಹವಾಸ ತಮಗೆ ಒಗ್ಗೀತು. ಅದಾಗದಿದ್ದರೆ, ಸಾಯುವುದನ್ನು ಮುಂದಿನ ಮುದ್ರಣಕ್ಕಾದರೂ ಮುಂದೂಡಬೇಕಾಗಿ ವಿನಂತಿ.

ತೊಟ್ಟಿಲ ಹಗ್ಗವನ್ನು ಇನ್ನೂ ಬಿಡದ ತಮ್ಮ ವಿಶ್ವಾಸಿ,
ಪ್ರಭುಲಿಂಗಪ್ಪ, ಜಕ್ಕಲಿ

ತಾ.ಕ.: ಈ ಪತ್ರವನ್ನು ಎರಡು ದಿನ ಪುಸ್ತಕದೊಳಗೇ ಇಟ್ಟು ಕಾದರೂ ತಮ್ಮಿಂದ ಉತ್ತರ ಬರಲಿಲ್ಲ. ಇಂದು ಚಿನ್ನು ತಾನಾಗಿಯೇ ಓದಲು ಒಪ್ಪಿದಳು. ಆಕೆಯ ಕರಾರು ಇಷ್ಟೇ: ಕೊನೆಯ ಸಾಲು ಮುಗಿದೊಡನೆ ತತ್ತಿಯೊಡೆಯುವ ಅಧ್ಯಾಯಕ್ಕೆ ಮರಳಬೇಕು, ತೊಟ್ಟಿಲು ಬಿಚ್ಚಬಾರದು. ಹಾಗೆಯೇ ಆಯಿತು. ತಾವು ಸತ್ತಿರಿ, ಎಲ್ಲರೂ ಅತ್ತೆವು. ಮೂಗು ಒರೆಸಿಕೊಳ್ಳುವಷ್ಟರಲ್ಲಿ ತಾವು ಮತ್ತೆ ಹುಟ್ಟಿದಿರಿ, ಕಲ್ಲವ್ವ ಹೊಸ ಹೀರೇಕಾಯಿಯೊಡನೆ ಸಿದ್ಧಳಿದ್ದಳು. ಮಂಗಲದ ಹುಗ್ಗಿಯಲ್ಲಿ ತಮ್ಮ ಪಾಲನ್ನು ನಾನೇ ಉಂಡಿದ್ದೇನೆ. ತಕರಾರಿದ್ದರೆ ಖುದ್ದಾಗಿ ಬಂದು ಹೇಳಬೇಕು.