ಮಣಿಕಟ್ಟಿನ ಭಾಷಣ

ಪೋಸ್ಟರ್ ಅಚ್ಚು ಹಾಕಿಸಲು ಮ್ಯಾನೇಜರು ಒಪ್ಪಲಿಲ್ಲ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ. ಹೊಲಿಗೆ ಕಾರ್ಖಾನೆಯ ಸುರಕ್ಷತಾಧಿಕಾರಿ ಹಟಕ್ಕೆ ಬಿದ್ದು, ಮೂರು ದಿನ ಕುರ್ಚಿ ಬಿಟ್ಟೇಳದೆ, ‘ಅರ್ಧ ಗಂಟೆಗೊಮ್ಮೆ ಕೈಗೆ ವಿಶ್ರಾಂತಿ ಕೊಡಿ’ ಎಂದು ಇನ್ನೂರು ಹಾಳೆಗಳ ಮೇಲೆ ಕೈಯಲ್ಲೇ ಬರೆದ. ನಾಲ್ಕನೆಯ ದಿನ, ಸರಿಯಾಗಿ ಕೈಯ ಕಾಳಜಿಯ ಬಗ್ಗೆ ಅವನ ಭಾಷಣವಿದ್ದ ದಿನ, ಬಲಗೈ ಮಣಿಕಟ್ಟು ನೆನೆದ ಬ್ರೆಡ್ಡಿನಂತೆ ಉಬ್ಬಿತ್ತು.

ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಹೆಂಡತಿಯ ಮುಂದೆ ನಿಂತ.

“ಬರೆದದ್ದನ್ನ ಒಂದ್ಸಲನಾದ್ರೂ ಓದಿದ್ರಾ?” ಎಂದಳು ಅವಳು, ಗುಂಡಿ ಹಾಕುತ್ತಾ.

“ಯಾರಿಗೂ ಹೇಳ್ಬೇಡ ಕಣೆ.”

ಮಣಿಕಟ್ಟಿಗೆ ಪಟ್ಟಿ ಸುತ್ತಿ, ಕೈಯನ್ನು ಪ್ಯಾಂಟಿನ ಜೇಬಿಗಿಳಿಸಿ ಹೊರಟ. ಗೇಟಿನಲ್ಲಿ ಎಡಗೈಯಿಂದ ಹಾಜರಿ ಹಾಕಿದ. ಕಾವಲುಗಾರ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, “ಸಾರ್, ಇದು ಸಹೀನಾ, ಇರುವೆ ಓಡಿದ್ದಾ?” ಎಂದ. ಒಳಗೆ ಎಡಗೈಯಲ್ಲಿ ಹಿಡಿದ ಚಹಾ ಅರ್ಧ ಅವನ ಬಾಯಿಗೆ, ಅರ್ಧ ಮ್ಯಾನೇಜರರ ಅಂಗಿಗೆ ಹೋಯಿತು.

ಮಧ್ಯಾಹ್ನ ಅರವತ್ತು ಮಂದಿ ಹೊಲಿಗೆಯವರು ಬಂದು ಕೂತರು. ಕತ್ತರಿ, ಮಿಷನ್ ಹಿಡಿದೇ ದಿನ ಕಳೆಯುವವರು. ಮೊದಲ ವ್ಯಾಯಾಮಕ್ಕೆ ಅವನು, “ಎಲ್ಲರೂ ಬಲಗೈ ಮುಂದೆ ಚಾಚಿ” ಎಂದು ತನ್ನ ಎಡಗೈ ಚಾಚಿದ.

“ಸಾರ್, ಅದು ಎಡಗೈ,” ಎಂದಳು ಮುಂದಿನ ಸಾಲಿನ ಹಿರಿಯಕ್ಕ.

“ಎದುರಿಗೆ ಕೂತವ್ರಿಗೆ ಹಾಗೇ ಕಾಣೋದು.”

“ಹಂಗಾದ್ರೆ ಗೋಡೆ ಕಡೆ ತಿರುಗಿ ಮಾಡಿ ಸಾರ್.”

ತಿರುಗಿದ. ಗೋಡೆಯ ಕಡೆ ಚಾಚಿದ್ದೂ ಎಡಗೈಯೇ. ಸಭೆ ಬಿದ್ದು ಬಿದ್ದು ನಕ್ಕಿತು.

“ಜೇಬಿಂದ ಕೈ ತೆಗೀರಿ,” ಎಂದರು ಚಹಾದ ಕಲೆ ಹೊತ್ತ ಮ್ಯಾನೇಜರು.

ತೆಗೆದ. ಪಟ್ಟಿ ಕಂಡಿತು. ನಗು ನಿಂತಿತು. ಅವನ ಕಿವಿಗಳು ಕೆಂಪಾದವು. ಪೋಸ್ಟರ್ ಬರೆದ ಕತೆಯನ್ನೆಲ್ಲ ನೆಲ ನೋಡಿಕೊಂಡೇ ಹೇಳಿದ. ಈಗ ಇನ್ನೂ ಜೋರಾಗಿ ನಗುತ್ತಾರೆಂದುಕೊಂಡ. ಯಾರೂ ನಗಲಿಲ್ಲ.

ಹಿರಿಯಕ್ಕ ಎದ್ದು ತನ್ನ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ಒಳಗೂ ಅಂಥದ್ದೇ ಪಟ್ಟಿ. “ನಂದು ಎರಡು ವರ್ಷದ್ದು ಸಾರ್.” ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬ. ಒಟ್ಟು ಐವತ್ನಾಲ್ಕು ಮಂದಿ ನೋಯುವ ಕೈ ಎತ್ತಿದರು.

“ನನಗೆ ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ದೆ ಸಾರ್. ನೆಟ್ಟಗೆ ಕೂತ್ಕೊಳಮ್ಮ, ಹೋಗುತ್ತೆ ಅಂದ್ರಿ.”

ಮಣಿಕಟ್ಟಿನ ನೋವು ಆ ಕ್ಷಣ ಅವನಿಗೆ ಮರೆತೇಹೋಯಿತು. ಆ ಮಾತನ್ನು ಹೇಳಿದ್ದೂ ಅವನಿಗೆ ನೆನಪಿರಲಿಲ್ಲ; ಅದೇ ಹೆಚ್ಚು ಚುಚ್ಚಿತು. “ತಪ್ಪಾಯ್ತಕ್ಕ,” ಎಂದ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ನಾಳೆಯಿಂದ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಮಿಷನ್ ನಿಲ್ಲುತ್ತೆ. ಕೈ ನೋಯಿಸೋ ಕತ್ತರಿಗಳನ್ನೂ ಬದಲಾಯಿಸೋಣ.” ಚಪ್ಪಾಳೆ ಬಿತ್ತು. ತನ್ನ ಮಾನ ಹೋದದ್ದರಿಂದ ಇಷ್ಟಾದರೂ ಆಯಿತಲ್ಲ ಎಂದು ಅವನ ಕಣ್ಣು ತುಂಬಿತು.

ಮ್ಯಾನೇಜರು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: “ನೋವಿರೋ ಪ್ರತಿಯೊಬ್ಬರ ಬಗ್ಗೆ ನಾಲ್ಕು ಪುಟದ ವರದಿ ನಾಳೆಯೊಳಗೆ ಹೋಗ್ಬೇಕು. ಸುರಕ್ಷತಾಧಿಕಾರಿಯ ಸ್ವಂತ ಕೈಬರಹದಲ್ಲಿ.”

“ಐವತ್ನಾಲ್ಕು ವರದೀನಾ ಸಾರ್?”

“ಐವತ್ತೈದು. ನಿಮ್ಮದೂ ಇದೆಯಲ್ಲ.”

“ಯಾವ ಪುಣ್ಯಾತ್ಮ ಮಾಡಿದ ನಿಯಮ ಸಾರ್ ಇದು?”

“ಹೋದ ವರ್ಷ ನೀವೇ ಮಾಡಿದ್ದಲ್ವಾ? ಟೈಪ್ ಮಾಡಿಸಿದ್ರೆ ಶ್ರದ್ಧೆ ಇರಲ್ಲ ಅಂತ.”